ವೋರ್ಟೆಕ್ಸ್ 10: ಮೂರು ತುಂಡು ಹುಲ್ಲುಗಾವಲು, ಒಂದು ಸಾಫ್ಟ್‌ವೇರ್, ಸಾವಿರ ಭವಿಷ್ಯ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದರಲ್ಲಿ ಅರ್ಧ ನನ್ನ ಪೆದ್ದುತನಕ್ಕೆ ಸೇರಬೇಕಾದದ್ದು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ವೋರ್ಟೆಕ್ಸ್ ಒಂದು ಕಂಪ್ಯೂಟರ್ ಪ್ರೋಗ್ರಾಂ. ಒಂದು ಹಿಂಡಿನ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಅದಕ್ಕೆ ಕೊಡಬೇಕು. ಎಷ್ಟು ಪ್ರಾಣಿ ಇವೆ, ಹೆಣ್ಣು ಯಾವ ವಯಸ್ಸಿಗೆ ಮೊದಲ ಮರಿ ಹಾಕುತ್ತದೆ, ಹುಟ್ಟಿದ ಮರಿಗಳಲ್ಲಿ ವರ್ಷ ತುಂಬುವಷ್ಟರಲ್ಲಿ ಎಷ್ಟು ಸಾಯುತ್ತವೆ, ಬರ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ, ಹೀಗೆ. ಆಮೇಲೆ ಅದು ಒಂದೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ಹುಟ್ಟಿಸಿ, ಬೆಳೆಸಿ, ಕೂಡಿಸಿ, ಸಾಯಿಸಿ, ನೂರು ವರ್ಷ ಮುಂದಕ್ಕೆ ಓಡಿಸುತ್ತದೆ. ನೀವು ಸಾವಿರ ಸಲ ಅಂದರೆ ಸಾವಿರ ಸಲ. ಪ್ರತಿ ಸಲವೂ ದಾಳ ಹೊಸದಾಗಿ ಬೀಳುತ್ತದೆ, ಹಾಗಾಗಿ ಪ್ರತಿ ಸಲವೂ ಕಥೆ ಬೇರೆ. ಕೊನೆಗೆ ಎಷ್ಟು ಸಲ ಹಿಂಡು ಉಳಿಯಿತು, ಎಷ್ಟು ಸಲ ಅಳಿಯಿತು ಅನ್ನುವ ಲೆಕ್ಕ ಕೈಗೆ ಸಿಗುತ್ತದೆ.

ಮಾಡಿದವರು ಶಿಕಾಗೊ ಪ್ರಾಣಿಶಾಸ್ತ್ರ ಸಂಘದ ರಾಬರ್ಟ್ ಲೇಸಿ. 1993ರಲ್ಲೇ ಇದರ ಬಗ್ಗೆ ಪ್ರಬಂಧ ಬರೆದರು, ಅಂದರೆ ನಮ್ಮಲ್ಲಿ ಅನೇಕರು ಕಂಪ್ಯೂಟರ್ ಮುಟ್ಟುವ ಮೊದಲೇ ಇದು ಓಡುತ್ತಿತ್ತು. ವೋರ್ಟೆಕ್ಸ್ ಅಂದರೆ ಸುಳಿ. ಹೆಸರು ಬಂದದ್ದು 1986ರಲ್ಲಿ ಗಿಲ್ಪಿನ್ ಮತ್ತು ಸೂಲೆ ಅನ್ನುವ ಜೀವವಿಜ್ಞಾನಿಗಳು ಹೇಳಿದ ‘ಅಳಿವಿನ ಸುಳಿ’ ಅನ್ನುವ ಮಾತಿನಿಂದ. ಹೊಳೆಯ ಸುಳಿ ಹೇಗಿರುತ್ತದೋ ಹಾಗೆಯೇ. ಹಿಂಡು ಚಿಕ್ಕದಾದರೆ ಹತ್ತಿರದ ಸಂಬಂಧಗಳಲ್ಲೇ ಮರಿಯಾಗುತ್ತವೆ, ಅಂಥ ಮರಿಗಳು ಜಾಸ್ತಿ ಸಾಯುತ್ತವೆ, ಹಿಂಡು ಇನ್ನೂ ಚಿಕ್ಕದಾಗುತ್ತದೆ, ಇನ್ನೂ ಹತ್ತಿರದ ಸಂಬಂಧ. ಅಂಚಿನಲ್ಲಿದ್ದಾಗ ಈಜಿ ಹೊರಗೆ ಬರಬಹುದು, ಒಳಗೆ ಹೋದಷ್ಟೂ ಎಳೆತ ಜಾಸ್ತಿ.

ನಾನು ಇದಕ್ಕೆ ಕೈ ಹಾಕಿದ್ದು ಕೃಷ್ಣಮೃಗಕ್ಕೋಸ್ಕರ. ಕೆಲವು ವರ್ಷಗಳಿಂದ ಎಣಿಕೆಗೆ ಸ್ವಯಂಸೇವೆಗೆ ಹೋಗುತ್ತೇನೆ. ಜಾಗದ ಹೆಸರು ಬೇಡ, ಎಲ್ಲಿ ಎಷ್ಟಿವೆ ಅಂತ ಊರಿಗೆಲ್ಲ ಸಾರಿದರೆ ಯಾರಿಗೆ ಲಾಭ ಅಂತ ಗೊತ್ತಲ್ವಾ. ಅಂಕಿಗಳನ್ನೂ ಒಂಚೂರು ಆಚೀಚೆ ಮಾಡಿದ್ದೇನೆ. ಮೂರು ತುಂಡು ಹುಲ್ಲುಗಾವಲು ಅಂದುಕೊಳ್ಳಿ. ಒಂದರಲ್ಲಿ 60 ಪ್ರಾಣಿ, ಇನ್ನೊಂದರಲ್ಲಿ 25, ಮೂರನೆಯದರಲ್ಲಿ 12. ನಡುವೆ ಹೊಲ, ಒಂದು ರಸ್ತೆ, ಅಲ್ಲಲ್ಲಿ ತಂತಿ ಬೇಲಿ.

ಹುಲ್ಲೆ ಅಂತ ಬರೆಯುತ್ತಿರುತ್ತೇನೆ, ಗೊಂದಲ ಬೇಡ. ಮಾತಿನಲ್ಲಿ ನಾವು ಎಲ್ಲದಕ್ಕೂ ಜಿಂಕೆ ಅಂದುಬಿಡುತ್ತೇವೆ. ಪ್ರತಿವರ್ಷ ಕೊಂಬು ಉದುರಿಸಿ ಹೊಸದು ಬೆಳೆಸಿಕೊಳ್ಳುವುದು ಚುಕ್ಕೆ ಜಿಂಕೆ, ಕಡವೆ ಜಾತಿ. ಕೃಷ್ಣಮೃಗ, ಕಝಾಕಿಸ್ತಾನದ ಕಡೆಯ ಸೈಗಾ, ದಕ್ಷಿಣ ಆಫ್ರಿಕಾದ ಬಾಂಟೆಬಾಕ್ ಇವೆಲ್ಲ ಬೇರೆ. ಒಂದೇ ಜೊತೆ ಕೊಂಬನ್ನು ಕೊನೆವರೆಗೂ ಹೊತ್ತು ತಿರುಗುವ ಈ ಗುಂಪಿಗೆ ಹುಲ್ಲೆ ಅನ್ನುವುದು ನಮ್ಮ ಹಳೆಯ ಮಾತು.

ಇನ್‌ಸ್ಟಾಲ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ದುಡ್ಡು ಕೊಡಬೇಕಿಲ್ಲ, ಉಚಿತ. ವಿಂಡೋಸ್‌ಗಾಗಿ ಬರೆದದ್ದು, ಮ್ಯಾಕ್ ಇರುವವರು ಬೇರೆ ದಾರಿ ಹುಡುಕಬೇಕು. ನೋಡೋಕೆ ಹಳೇ ಕಾಲದ ಆಫೀಸ್ ಪ್ರೋಗ್ರಾಂ ಥರ ಇದೆ, ಎಡಗಡೆ ಪಟ್ಟಿ, ಬಲಗಡೆ ಖಾಲಿ ಚೌಕಗಳು. ಅಂದಚಂದ ಹುಡುಕುವವರಿಗೆ ಬೇಜಾರಾಗುತ್ತದೆ. ನನಗೆ ಆಗಲಿಲ್ಲ, ಯಾಕೆಂದರೆ ಒಂದೊಂದು ಪುಟದಲ್ಲೂ ಟಿಪ್ಪಣಿ ಬರೆಯಲು ಜಾಗ ಕೊಟ್ಟಿದ್ದಾರೆ. ‘ಈ ಸಂಖ್ಯೆ ಎಲ್ಲಿಂದ ಬಂತು’ ಅಂತ ಅಲ್ಲೇ ಬರೆದಿಡಬಹುದು. ಆರು ತಿಂಗಳು ಬಿಟ್ಟು ತೆರೆದಾಗ ಇದರ ಬೆಲೆ ಗೊತ್ತಾಗುತ್ತದೆ.

ನಿಜವಾದ ಕೆಲಸ ಆ ಖಾಲಿ ಚೌಕ ತುಂಬುವುದು. ಸುಮ್ನೆ ತುಂಬಿದರಾಯಿತು ಅಂತ ಕೂತರೆ ಹೆಜ್ಜೆಹೆಜ್ಜೆಗೂ ಎಡವುತ್ತೀರಿ. ಹೆಣ್ಣು ಮೊದಲ ಮರಿ ಹಾಕುವ ವಯಸ್ಸು ಅಂತ ಕೇಳುತ್ತದೆ. ನಾನು ಎಲ್ಲೋ ಓದಿದ ಅತಿ ಕಡಿಮೆ ವಯಸ್ಸನ್ನು ಹಾಕಿದೆ. ತಪ್ಪು. ಅದಕ್ಕೆ ಬೇಕಾದದ್ದು ಸರಾಸರಿ ವಯಸ್ಸು, ಯಾವುದೋ ಒಂದು ಚುರುಕಾದ ಹೆಣ್ಣಿನ ದಾಖಲೆ ಅಲ್ಲ. ಗಂಡಿನ ವಿಷಯದಲ್ಲಿ ಇದು ಇನ್ನೂ ಮೋಸ. ಗಂಡು ಕೃಷ್ಣಮೃಗ ದೇಹದಲ್ಲಿ ಬೆಳೆದರೂ ತನ್ನದೇ ಜಾಗ ಹಿಡಿದು ನಿಲ್ಲುವ ತಾಕತ್ತು ಬರಲು ಇನ್ನಷ್ಟು ವರ್ಷ ಬೇಕು. ಅಲ್ಲಿವರೆಗೂ ಅದು ಬ್ರಹ್ಮಚಾರಿ ಗುಂಪಿನಲ್ಲಿ ಕಂದು ಬಣ್ಣದಲ್ಲೇ ತಿರುಗುತ್ತಿರುತ್ತದೆ.

ಮುಂದಿನ ಪುಟ ನನ್ನ ಕಣ್ಣು ತೆರೆಸಿತು. ಗಂಡುಗಳಲ್ಲಿ ಎಷ್ಟು ಪಾಲಿಗೆ ನಿಜವಾಗಿ ಮರಿ ಹುಟ್ಟಿಸುವ ಅವಕಾಶ ಸಿಗುತ್ತದೆ ಅಂತ ಕೇಳುವ ಪುಟ ಅದು. ಎಣಿಕೆಗೆ ಹೋದಾಗ ನಾವು ತಲೆ ಎಣಿಸುತ್ತೇವೆ, 60 ಇವೆ ಅಂತ ಖುಷಿಪಡುತ್ತೇವೆ. ಆದರೆ ಹುಲ್ಲೆಗಳಲ್ಲಿ ಅನೇಕವು ನಾಲ್ಕೈದು ಗಂಡುಗಳೇ ಎಲ್ಲ ಹೆಣ್ಣುಗಳನ್ನೂ ಕೂಡುವ ಜಾತಿ. ಗುಜರಾತಿನ ವೆಳಾವದರ್‌ನಲ್ಲಿ, ಬರೀ 34 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನ ಅದು, ಗಂಡುಗಳು ಒಂದೇ ಕಡೆ ಸೇರಿ ಅಂಗಳದಷ್ಟು ಅಂಗಳದಷ್ಟು ಜಾಗ ಹಂಚಿಕೊಂಡು ನಿಲ್ಲುತ್ತವೆ, ಹೆಣ್ಣುಗಳು ಬಂದು ಆರಿಸುತ್ತವೆ. ಬಹಳಷ್ಟು ಗಂಡುಗಳು ಬರಿಗೈಯಲ್ಲಿ ವಾಪಸ್.

ಇದರ ಲೆಕ್ಕ ನೀವೇ ಕಾಗದದ ಮೇಲೆ ಹಾಕಬಹುದು, ಸಾಫ್ಟ್‌ವೇರ್ ಬೇಡ. ಮರಿ ಹುಟ್ಟಿಸುವ 40 ಪ್ರಾಣಿ ಇವೆ, ಅದರಲ್ಲಿ 36 ಹೆಣ್ಣು, 4 ಗಂಡು ಅಂತಿಟ್ಟುಕೊಳ್ಳಿ. ಗಂಡು ಗುಣಿಸು ಹೆಣ್ಣು, ಅದಕ್ಕೆ ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ. 14.4 ಬರುತ್ತದೆ. ಅಂದರೆ ವಂಶವಾಹಿಗಳ ದೃಷ್ಟಿಯಲ್ಲಿ ಈ 40 ಪ್ರಾಣಿಯ ಹಿಂಡು ನಡೆದುಕೊಳ್ಳುವುದು ಹದಿನಾಲ್ಕು ಹದಿನೈದು ಪ್ರಾಣಿಯ ಹಿಂಡಿನ ಹಾಗೆ. ಪ್ರತಿ ತಲೆಮಾರಿಗೂ ಶೇ. 3.5ರಷ್ಟು ವೈವಿಧ್ಯ ಸೋರುತ್ತದೆ. ಹತ್ತು ತಲೆಮಾರಿಗೆ ಹೆಚ್ಚೂಕಡಿಮೆ ಶೇ. 30 ಖಾಲಿ. ಅದೇ 40ರಲ್ಲಿ 20 ಗಂಡು 20 ಹೆಣ್ಣು ಸಮವಾಗಿ ಪಾಲ್ಗೊಂಡಿದ್ದರೆ ಹತ್ತು ತಲೆಮಾರಿಗೆ ಹೋಗುತ್ತಿದ್ದದ್ದು ಶೇ. 12ರಷ್ಟು. ತಲೆ ಎಣಿಕೆ ಎರಡರಲ್ಲೂ ಒಂದೇ! ಈ ಒಂದು ವಿಷಯಕ್ಕೇ ನಾನು ಎರಡು ಸ್ಟಾರ್ ಕೊಟ್ಟೆ. ಸೂತ್ರ ಮೊದಲೇ ಓದಿದ್ದೆ, ಆದರೆ ಗಂಡಿನ ಪಾಲನ್ನು ಇಳಿಸುತ್ತಾ ಹೋದ ಹಾಗೆ ಪರದೆಯ ಮೇಲೆ ವೈವಿಧ್ಯದ ಗೆರೆ ಬಾಗುತ್ತಾ ಬರುವುದನ್ನು ನೋಡಿದಾಗಲೇ ತಲೆಗೆ ಹತ್ತಿದ್ದು.

ಇನ್‌ಬ್ರೀಡಿಂಗ್, ಅಂದರೆ ರಕ್ತಸಂಬಂಧದಲ್ಲೇ ಮರಿಯಾಗುವುದು, ಎಷ್ಟು ಪೆಟ್ಟು ಕೊಡುತ್ತದೆ ಅನ್ನುವುದಕ್ಕೂ ಒಂದು ಚೌಕ ಇದೆ. ನಿಮ್ಮ ಹತ್ತಿರ ಮಾಹಿತಿ ಇಲ್ಲದಿದ್ದರೆ ಅದೇ 6.29 ಅನ್ನುವ ಸಂಖ್ಯೆ ತುಂಬಿಕೊಡುತ್ತದೆ. ಇದು ಗಾಳಿಯಿಂದ ಬಂದದ್ದಲ್ಲ, ಕಾಡಿನ ಪ್ರಾಣಿಗಳ ಮೇಲೆ ಓ’ಗ್ರೇಡಿ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದದ್ದು. ಅದಕ್ಕೂ ಮೊದಲು ಜನ ಬಳಸುತ್ತಿದ್ದದ್ದು 3.14, ಅದು 1988ರಲ್ಲಿ ಮೃಗಾಲಯದ ಪ್ರಾಣಿಗಳನ್ನು ನೋಡಿ ಲೆಕ್ಕ ಹಾಕಿದ್ದು. ಮೃಗಾಲಯದಲ್ಲಿ ಹೊತ್ತಿಗೆ ಸರಿಯಾಗಿ ಮೇವು, ಡಾಕ್ಟರು, ತೋಳ ಇಲ್ಲ. ಬಯಲಿನಲ್ಲಿ ಬಲಹೀನ ಮರಿಗೆ ಆ ಸವಲತ್ತು ಇಲ್ಲ, ಹಾಗಾಗಿ ಪೆಟ್ಟೂ ದೊಡ್ಡದು. ಹಳೆಯ ವರದಿ ಓದುವಾಗ ಯಾವ ಸಂಖ್ಯೆ ಹಾಕಿದ್ದಾರೆ ಅಂತ ನೋಡಿಕೊಳ್ಳಿ, ಅಷ್ಟರಲ್ಲೇ ಉತ್ತರ ಬದಲಾಗಿರಬಹುದು.

ಈಗ ನನ್ನ ತಕರಾರಿಗೆ ಬರುತ್ತೇನೆ. ಹುಲ್ಲುಗಾವಲು ಎಷ್ಟು ಪ್ರಾಣಿಗೆ ಮೇವು ಕೊಟ್ಟೀತು ಅನ್ನುವ ಮಿತಿಯನ್ನು ನಾವು ಹೇಳಬೇಕು. ಹಿಂಡು ಆ ಮಿತಿ ದಾಟಿದರೆ ವೋರ್ಟೆಕ್ಸ್ ಹೆಚ್ಚುವರಿ ಪ್ರಾಣಿಗಳನ್ನು ಯಾವುದೆಂದು ನೋಡದೆ ತೆಗೆದುಹಾಕುತ್ತದೆ. ಸತ್ತವು ಅಂತ ಲೆಕ್ಕ. ಇದನ್ನು ನಮ್ಮ ಎಣಿಕೆ ಗುಂಪಿನ ವಾಚರ್ ಅಣ್ಣನಿಗೆ ತೋರಿಸಿದೆ. ಅವರು ಆ ಬಯಲಿನಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಪರದೆ ಕಡೆ ಬಗ್ಗಿ ನೋಡಿ, ‘ಹೆಚ್ಚಾದ್ರೆ ಎಲ್ಲಿ ಸಾಯ್ತವೆ ಮೇಡಂ, ಹೊಲಕ್ಕೆ ಹೋಗ್ತವೆ’ ಅಂದರು. ಅಷ್ಟೇ. ಚಿಕ್ಕ ಹುಲ್ಲುಗಾವಲಿನ ಇಡೀ ತಲೆನೋವು ಆ ಒಂದು ಮಾತಿನಲ್ಲಿದೆ. ಹಿಂಡು ಬೆಳೆದರೆ ಅದು ಬೆಳೆಗೆ ಬೀಳುತ್ತದೆ, ಬೆಳೆ ಕಳೆದುಕೊಂಡವರಿಗೆ ಸಿಟ್ಟು, ಸಿಟ್ಟಿನಿಂದ ಬೇಲಿ, ಬೇಲಿಯಿಂದ ಮತ್ತೆ ಹಿಂಡಿಗೆ ಏಟು. ವೋರ್ಟೆಕ್ಸ್‌ನಲ್ಲಿ ಇದನ್ನು ತೋರಿಸಬೇಕೆಂದರೆ ಉಪಾಯ ಮಾಡಬೇಕು. ನಾನು ‘ಹೊಲ’ ಅಂತ ನಾಲ್ಕನೆಯ ಜಾಗವನ್ನೇ ಮಾಡಿ, ಅಲ್ಲಿ ಸಾವು ಜಾಸ್ತಿ ಇಟ್ಟು, ಪ್ರಾಣಿಗಳು ಅಲ್ಲಿಗೆ ದಾಟುವ ಹಾಗೆ ಮಾಡಿದೆ. ಆಗುತ್ತದೆ, ಆದರೆ ಅದು ನಿಮಗೆ ಹೊಳೆಯಬೇಕು, ಪ್ರೋಗ್ರಾಂ ತಾನಾಗಿ ಕೇಳುವುದಿಲ್ಲ.

ಮೇವಿನ ಮಿತಿ ವರ್ಷದಿಂದ ವರ್ಷಕ್ಕೆ ಇಳಿಯುವ ಹಾಗೂ ಮಾಡಬಹುದು, ಇದು ಚೆನ್ನಾಗಿದೆ. ಬಳ್ಳಾರಿ ಜಾಲಿ ನುಗ್ಗಿದ ಬಯಲು ನೋಡಿದವರಿಗೆ ಇದು ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ಅದರಲ್ಲೂ ಒಂದು ತಮಾಷೆ ಇದೆ, ನಗು ಬರದ ತಮಾಷೆ. ವೆಳಾವದರ್‌ನಲ್ಲಿ ಕೃಷ್ಣಮೃಗಗಳೇ ಜಾಲಿಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ತಮ್ಮ ಬಯಲಿಗೆ ತಾವೇ ಮುಳ್ಳು ಬಿತ್ತಿಕೊಳ್ಳುವುದು ಅಂದರೆ ಇದೇ.

ಆಪತ್ತಿನ ಪುಟಕ್ಕೆ ಬಂದಾಗ ಸ್ವಲ್ಪ ಹೊತ್ತು ಕೈ ಕಟ್ಟಿ ಕೂತೆ. ಎಷ್ಟು ವರ್ಷಕ್ಕೊಮ್ಮೆ, ಬಂದಾಗ ಎಷ್ಟು ಪ್ರಾಣಿ ಉಳಿಯುತ್ತವೆ, ಎಷ್ಟು ಮರಿ ಹುಟ್ಟುತ್ತವೆ ಅಂತ ಕೇಳುತ್ತದೆ. ನಮ್ಮ ಪುಸ್ತಕದಲ್ಲಿ ಕೆಲವೇ ವರ್ಷದ ಎಣಿಕೆ ಇದೆ, ಆ ವರ್ಷಗಳಲ್ಲಿ ದೊಡ್ಡದೇನೂ ಆಗಿಲ್ಲ, ಹಾಗಾದರೆ ಸೊನ್ನೆ ಹಾಕಲೇ? ಹಾಕಬೇಡಿ. ಕಶೇರುಕ ಪ್ರಾಣಿಗಳ 88 ಜಾತಿಗಳ ದಾಖಲೆ ನೋಡಿ ರೀಡ್ ಮತ್ತು ಜೊತೆಗಾರರು 2003ರಲ್ಲಿ ಹೇಳಿದ್ದು, ಅರ್ಧಕ್ಕರ್ಧ ಹಿಂಡು ಸಾಯುವಂಥ ಹೊಡೆತ ಒಂದು ತಲೆಮಾರಿನಲ್ಲಿ ಬರುವ ಸಾಧ್ಯತೆ ಶೇ. 14ರಷ್ಟು. ಕಡಿಮೆ ಅನ್ನಿಸುತ್ತದೆ ಅಲ್ವಾ? ಹತ್ತು ತಲೆಮಾರು ಓಡಿಸಿ ನೋಡಿ, ಐದರಲ್ಲಿ ಹೆಚ್ಚೂಕಡಿಮೆ ನಾಲ್ಕು ಸಲ ಅದು ಒಮ್ಮೆಯಾದರೂ ಬಂದಿರುತ್ತದೆ.

ಸೈಗಾ ನೆನಪಿಸಿಕೊಳ್ಳಿ. 2015ರ ಮೇ ತಿಂಗಳಲ್ಲಿ ಕಝಾಕಿಸ್ತಾನದ ಬಯಲಿನಲ್ಲಿ ಮೂರೇ ವಾರಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈಗಾಗಳು ಸತ್ತವು. ಮರಿ ಹಾಕಲು ಒಟ್ಟು ಸೇರಿದ್ದ ಹೊತ್ತು. ಅವುಗಳ ಮೈಯಲ್ಲೇ ಸುಮ್ಮನೆ ಇದ್ದ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ, ಆ ವರ್ಷದ ಅತಿಯಾದ ತೇವ ಮತ್ತು ಸೆಕೆ ಬಂದಾಗ ರಕ್ತಕ್ಕೆ ನುಗ್ಗಿತು. ಸೈಗಾಗೆ ಬೇರೆ ಕಡೆ ಬೇರೆ ಹಿಂಡುಗಳಿದ್ದವು, ಬೇಗ ಹೆರುವ ಜಾತಿ ಬೇರೆ, ಒಂದು ಹೆರಿಗೆಗೆ ಎರಡು ಮರಿ ಸಾಮಾನ್ಯ. ಚೇತರಿಸಿಕೊಂಡಿತು. ಎಷ್ಟರ ಮಟ್ಟಿಗೆ ಅಂದರೆ 2023ರಲ್ಲಿ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಯಲ್ಲಿ ಅದನ್ನು ತೀವ್ರ ಅಪಾಯದ ಸ್ಥಾನದಿಂದ ಕೆಳಗಿಳಿಸಿದರು. 12 ಪ್ರಾಣಿಯ ನನ್ನ ಮೂರನೇ ತುಂಡಿಗೆ ಇಂಥದ್ದರ ನೂರನೇ ಒಂದು ಪಾಲು ಬಂದರೂ ಸಾಕು.

ಇದರ ಪಕ್ಕದಲ್ಲೇ ಇನ್ನೊಂದು ಚೌಕ ಅಡಗಿ ಕೂತಿದೆ, ನಾನು ಮೊದಲ ವಾರ ನೋಡಲೇ ಇಲ್ಲ. ಬೇರೆಬೇರೆ ತುಂಡುಗಳ ಒಳ್ಳೆ ವರ್ಷ ಕೆಟ್ಟ ವರ್ಷ ಒಟ್ಟಿಗೇ ಬರುತ್ತವೋ ಬೇರೆಬೇರೆ ಬರುತ್ತವೋ ಅನ್ನುವುದು. ಸೊನ್ನೆಯಿಂದ ಒಂದರವರೆಗೆ ಹಾಕಬಹುದು. ಸೊನ್ನೆ ಅಂದರೆ ಒಂದಕ್ಕೊಂದು ಸಂಬಂಧವೇ ಇಲ್ಲ, ಒಂದು ತುಂಡಿಗೆ ಬರ ಬಂದ ವರ್ಷವೇ ಪಕ್ಕದ್ದಕ್ಕೆ ಒಳ್ಳೆ ಮಳೆ ಆಗಬಹುದು. ಹಾಗೆ ಓಡಿಸಿದಾಗ ಮೂರು ತುಂಡುಗಳು ಒಂದಕ್ಕೊಂದು ಆಸರೆಯಾಗಿ ಆರಾಮವಾಗಿ ನೂರು ವರ್ಷ ದಾಟಿದವು. ನನಗೆ ಖುಷಿಯೋ ಖುಷಿ. ಆಮೇಲೆ ಹೊಳೆಯಿತು, ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುವ ತುಂಡುಗಳಿಗೆ ಬೇರೆಬೇರೆ ಮಳೆ ಎಲ್ಲಿಂದ ಬರಬೇಕು? ಒಂದರ ಹತ್ತಿರಕ್ಕೆ ತಂದು ಮತ್ತೆ ಓಡಿಸಿದೆ. ಮೂರೂ ಒಟ್ಟಿಗೇ ಮುಳುಗುವ ಗೆರೆಗಳು ಕಾಣಿಸತೊಡಗಿದವು. ‘ತುಂಡು ಜಾಸ್ತಿ ಇದ್ದರೆ ಸುರಕ್ಷಿತ’ ಅನ್ನುವ ನಂಬಿಕೆ ತುಂಡುಗಳು ದೂರದೂರ ಇದ್ದಾಗ ಮಾತ್ರ ನಿಜ, ಆದರೆ ಪ್ರಾಣಿ ನಡೆದುಹೋಗಲು ಅವು ಹತ್ತಿರವೂ ಇರಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಇದಕ್ಕೆ ಪರಿಹಾರ ಸಾಫ್ಟ್‌ವೇರ್ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ.

ಓಡಾಟದ ಪುಟ ಒಂದು ಕೋಷ್ಟಕ. ಯಾವ ವಯಸ್ಸಿನವು, ಗಂಡೋ ಹೆಣ್ಣೋ, ವರ್ಷಕ್ಕೆ ಎಷ್ಟು ಪಾಲು ಇಲ್ಲಿಂದ ಅಲ್ಲಿಗೆ ಹೋಗುತ್ತವೆ, ದಾರಿಯಲ್ಲಿ ಎಷ್ಟು ಬದುಕುತ್ತವೆ. ನಾವು ಕಾರಿಡಾರ್ ಕಾರಿಡಾರ್ ಅಂತ ಬಾಯಿಮಾತಿಗೆ ಹೇಳುತ್ತೇವಲ್ಲ, ಇಲ್ಲಿ ಅದು ಒಂದು ಅಂಕಿ ಆಗಿಬಿಡುತ್ತದೆ. ದಾರಿಯಲ್ಲಿ ಬದುಕುವ ಪಾಲನ್ನು ಅರ್ಧಕ್ಕಿಂತ ಕೆಳಗಿಳಿಸಿದಾಗ ಒಂದು ವಿಚಿತ್ರ ನೋಡಿದೆ. ಓಡಾಟ ಜಾಸ್ತಿಯಾದಷ್ಟೂ ಚಿಕ್ಕ ತುಂಡು ಬೇಗ ಖಾಲಿಯಾಯಿತು! ಹೊರಟವು ತಲುಪಲಿಲ್ಲ, ಉಳಿದವು ಸಾಲಲಿಲ್ಲ. ರಸ್ತೆ ಸರಿಮಾಡದೆ ಪ್ರಾಣಿಗಳನ್ನು ಆ ಕಡೆ ಸೆಳೆಯುವುದು ಉಪಕಾರ ಅಲ್ಲ ಅಂತ ಅವತ್ತು ಗೊತ್ತಾಯಿತು.

ಬೇಲಿ ವಿಷಯದಲ್ಲಿ ನಿಜ ಜೀವನದ ಎರಡು ಕಥೆ ಎದುರುಬದುರಾಗಿ ನಿಲ್ಲುತ್ತವೆ. ಚೀನಾದ ಕಿಂಗ್‌ಹಾಯ್ ಸರೋವರದ ಸುತ್ತ ಮಾತ್ರ ಉಳಿದಿರುವ ಪ್ರಿಝೆವಾಲ್‌ಸ್ಕಿ ಗಸೆಲ್ ಅನ್ನುವ ಹುಲ್ಲೆಗೆ ಕುರಿ ಮೇಯಿಸಲು ಹಾಕಿದ ಮುಳ್ಳುತಂತಿಯೇ ಶತ್ರು. ಬಯಲು ಚೌಕಚೌಕವಾಗಿ ಹರಿದುಹೋಗಿದೆ, ತೋಳ ಅಟ್ಟಿಸಿಕೊಂಡು ಬಂದಾಗ ಬೇಲಿಗೆ ಸಿಕ್ಕಿ ಸಾಯುತ್ತವೆ. ಅದಕ್ಕೆ ಮುಳ್ಳುತಂತಿ ತೆಗೆಸುವುದು, ಬೇಲಿ ತಗ್ಗಿಸುವುದು ಅಲ್ಲಿಯ ಕೆಲಸ. ಇನ್ನೊಂದು ಕಡೆ ಕೆನ್ಯಾದ ಹಿರೋಲಾ ಅನ್ನುವ ಹುಲ್ಲೆ. 2012ರಲ್ಲಿ ಇಶಾಕ್‌ಬಿನಿಯಲ್ಲಿ 48 ಪ್ರಾಣಿಗಳನ್ನು ಬೇಟೆಯಾಡುವ ಪ್ರಾಣಿ ನುಗ್ಗದ ಬೇಲಿಯೊಳಗೆ ಇಟ್ಟರು, ಅವು ಹೆಚ್ಚಿದವು. ಒಂದೇ ತಂತಿ ಒಂದು ಕಡೆ ನೇಣು, ಇನ್ನೊಂದು ಕಡೆ ತೊಟ್ಟಿಲು. ವೋರ್ಟೆಕ್ಸ್‌ನಲ್ಲಿ ಎರಡನ್ನೂ ಆಡಿಸಬಹುದು, ಒಂದರಲ್ಲಿ ಮರಿ ಸಾವು ಇಳಿಸಿ ಓಡಾಟ ಸೊನ್ನೆ ಮಾಡಿ, ಇನ್ನೊಂದರಲ್ಲಿ ಓಡಾಟ ಬಿಟ್ಟು ಸಾವು ಹಾಗೇ ಇಟ್ಟು. ನನ್ನ 12ರ ತುಂಡಿಗೆ ಮೊದಮೊದಲ ವರ್ಷಗಳಲ್ಲಿ ಬೇಲಿ ಲಾಭವಾಗಿ ಕಂಡಿತು, ತಲೆಮಾರು ಕಳೆದಂತೆ ಆ ಲಾಭವನ್ನು ಇನ್‌ಬ್ರೀಡಿಂಗ್ ತಿಂದುಹಾಕಿತು.

ಹೊರಗಿನಿಂದ ಪ್ರಾಣಿ ತಂದು ಬಿಡುವುದಕ್ಕೂ ಒಂದು ಪುಟ ಇದೆ. ಇಲ್ಲಿ ಹುಷಾರು, ಇದು ಅಭ್ಯಾಸ ಹಿಡಿಸುವ ಪುಟ. ಐದು ವರ್ಷಕ್ಕೊಮ್ಮೆ ಎರಡು ಹೆಣ್ಣು ಅಂತ ಟೈಪ್ ಮಾಡುತ್ತೀರಿ, ಮುಳುಗುತ್ತಿದ್ದ ಗೆರೆ ಎದ್ದು ನಿಲ್ಲುತ್ತದೆ. ತಲೆಮಾರಿಗೆ ಒಂದು ಪ್ರಾಣಿ ಬಂದರೆ ಸಾಕು ಅನ್ನುವ ಹಳೆಯ ಲೆಕ್ಕ ಕೇಳಿರುತ್ತೀರಿ, 1996ರಲ್ಲಿ ಮಿಲ್ಸ್ ಮತ್ತು ಅಲೆಂಡಾರ್ಫ್ ಅದನ್ನು ಒಂದರಿಂದ ಹತ್ತು ಅಂತ ತಿದ್ದಿದರು. ಪರದೆಯ ಮೇಲೆ ಇದು ಪವಾಡದಂತೆ ಕಾಣುತ್ತದೆ. ಆದರೆ ಹುಲ್ಲೆ ಹಿಡಿಯುವುದು ಹೇಗಿರುತ್ತದೆ ಅಂತ ಪರದೆಗೆ ಗೊತ್ತಿಲ್ಲ. ಅಟ್ಟಿಸಿಕೊಂಡು ಓಡಿ ಗಾಬರಿಯಾದ ಪ್ರಾಣಿಯ ಸ್ನಾಯುಗಳೇ ಒಡೆದು, ಬಿಟ್ಟ ಮೇಲೆ ಗಂಟೆಗಳೋ ದಿನಗಳೋ ಕಳೆದು ಸಾಯಬಹುದು. ಅದಕ್ಕೇ ಆಫ್ರಿಕಾದಲ್ಲಿ ಬೋಮಾ ವಿಧಾನ ಬಂತು, ಆಲಿಕೆಯಾಕಾರದ ಪರದೆಗೋಡೆ ಕಟ್ಟಿ ಹಿಂಡನ್ನು ಮೆಲ್ಲಗೆ ಒಳಗೆ ನಡೆಸುವುದು. ಹಾಗಾಗಿ ನೀವು ಎರಡು ತರುತ್ತೀರಿ ಅಂದರೆ ಚೌಕದಲ್ಲಿ ಎರಡು ಬರೆಯಬೇಡಿ, ಬದುಕಿ ಮರಿ ಹಾಕುವುದು ಎಷ್ಟು ಅಂತ ಯೋಚಿಸಿ ಬರೆಯಿರಿ.

ಇನ್ನೊಂದು, ಯಾವ ಪ್ರಾಣಿ ಅನ್ನುವುದು. ದಕ್ಷಿಣ ಆಫ್ರಿಕಾದ ಬಾಂಟೆಬಾಕ್ ಕಥೆ ಇಲ್ಲಿ ಹೇಳಲೇಬೇಕು. 1931ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಉದ್ಯಾನ ಮಾಡಿದಾಗ ಒಳಗೆ ಇದ್ದದ್ದು 17 ಪ್ರಾಣಿ. ಆ ಜಾಗವೇ ಅವಕ್ಕೆ ಒಗ್ಗಲಿಲ್ಲ, ಜೌಗು, ಹೊಟ್ಟೆಹುಳು, ಮೇವಿನಲ್ಲಿ ಖನಿಜ ಸಾಲದು. ಕೊನೆಗೆ 1960ರ ಸುಮಾರಿಗೆ ಸ್ವೆಲ್ಲೆಂಡಾಮ್ ಹತ್ತಿರದ ಬೇರೆ ಜಾಗಕ್ಕೆ ಸಾಗಿಸಿದರು. ಇವತ್ತು ಆ ಜಾತಿ ಸಾವಿರ ದಾಟಿದೆ. 17ರಿಂದ ಸಾವಿರ, ಓದಿದರೆ ಧೈರ್ಯ ಬರುತ್ತದೆ. ಆದರೆ ಅದರ ಸೋದರ ಉಪಜಾತಿ ಬ್ಲೆಸ್‌ಬಾಕ್ ಜೊತೆ ಬೆರೆತುಹೋದ ಪ್ರಾಣಿಗಳು ಈಗ ಅಲ್ಲಿ ದೊಡ್ಡ ತಲೆನೋವು. ಮನುಷ್ಯರು ಇವೆರಡನ್ನೂ ಒಂದೇ ಬೇಲಿಯೊಳಗೆ ಬಿಟ್ಟದ್ದರಿಂದ ಬಂದದ್ದು ಇದು. ವೋರ್ಟೆಕ್ಸ್‌ಗೆ ಹೊಸ ಪ್ರಾಣಿ ಅಂದರೆ ಹೊಸ ಜೀನ್, ಅಷ್ಟೇ. ಎಲ್ಲಿಂದ ತಂದಿರಿ ಅಂತ ಅದು ಮುಖ ನೋಡಿ ಕೇಳುವುದಿಲ್ಲ.

ನನ್ನ ಪೆದ್ದುತನ ಬರೆಯುತ್ತೇನೆ ಅಂದಿದ್ದೆನಲ್ಲ. ಮರಿಗಳ ಸಾವು ಕೇಳುವ ಚೌಕದಲ್ಲಿ ನಾನು ಬದುಕುವ ಪಾಲನ್ನು ಬರೆದಿದ್ದೆ. ಅಂದರೆ 40 ಬರೆಯಬೇಕಾದಲ್ಲಿ 60. ಓಡಿಸಿದೆ. ಎಲ್ಲ ಗೆರೆಯೂ ಮೂಗು ಕೆಳಗೆ ಮಾಡಿ ನೆಲಕ್ಕೆ. ರಾತ್ರಿ ಹನ್ನೊಂದೂವರೆ, ಎದೆ ಭಾರವಾಗಿ ನಮ್ಮ ಗುಂಪಿಗೆ ಉದ್ದದ ಸಂದೇಶ ಬರೆದೆ, ‘ಇನ್ನು ಜಾಸ್ತಿ ಕಾಲ ಇಲ್ಲ’ ಅಂತ. ಪುಣ್ಯಕ್ಕೆ ಕಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಇದು. ದಾಳ ಹಾಕುವ ಮೊದಲೇ, ಅದೃಷ್ಟ ದುರದೃಷ್ಟ ಏನೂ ಇಲ್ಲದಿದ್ದರೆ ಹಿಂಡು ಬೆಳೆಯುತ್ತದೋ ಇಳಿಯುತ್ತದೋ ಅನ್ನುವ ಲೆಕ್ಕವನ್ನು ವೋರ್ಟೆಕ್ಸ್ ಬೇರೆಯಾಗಿ ಕೊಡುತ್ತದೆ. ಅಲ್ಲೇ ಇಳಿಕೆ ಕಾಣಿಸಿದರೆ, ಒಂದೋ ಹಿಂಡು ನಿಜಕ್ಕೂ ಅಪಾಯದಲ್ಲಿದೆ, ಇಲ್ಲವೇ ನೀವು ನನ್ನ ಹಾಗೆ ಮಾಡಿದ್ದೀರಿ. ಮೊದಲು ಆ ಪುಟ ನೋಡಿ, ಆಮೇಲೆ ಗೆರೆ ನೋಡಿ ಅಳಬಹುದು.

‘ಅಳಿವು’ ಅಂದರೆ ಏನು ಅಂತಲೂ ನೀವೇ ಹೇಳಬೇಕು. ಒಂದೇ ಲಿಂಗ ಉಳಿದರೆ ಅಳಿವು ಅನ್ನಬಹುದು, ಅಥವಾ ಇಂತಿಷ್ಟಕ್ಕಿಂತ ಕೆಳಗಿಳಿದರೆ. ನಾನು ಎರಡನೆಯದನ್ನು ಇಷ್ಟಪಟ್ಟೆ. ಬಯಲಿನಲ್ಲಿ ಎರಡು ಮುದಿ ಹೆಣ್ಣು ಒಂದು ಗಂಡು ನಿಂತಿರುವುದನ್ನು ‘ಉಳಿದಿದೆ’ ಅಂತ ಬರೆಯಲು ಮನಸ್ಸು ಒಪ್ಪಲಿಲ್ಲ.

ನಂಬಬಹುದಾ ಅಂತ ಕೇಳುವವರಿಗೆ: 2000ದಲ್ಲಿ ಬ್ರೂಕ್ ಮತ್ತು ಜೊತೆಗಾರರು ದೀರ್ಘಕಾಲ ಗಮನಿಸಿದ 21 ಹಿಂಡುಗಳ ಮೊದಲರ್ಧದ ಮಾಹಿತಿಯನ್ನು ವೋರ್ಟೆಕ್ಸ್ ಸೇರಿ ಇಂಥ ಹಲವು ಪ್ರೋಗ್ರಾಂಗಳಿಗೆ ಕೊಟ್ಟು, ಉಳಿದರ್ಧವನ್ನು ಹೇಳಿಸಿ ನೋಡಿದರು. ಒಟ್ಟಾರೆ ಚೆನ್ನಾಗಿಯೇ ಹೇಳಿದವು. ಮರುವರ್ಷವೇ ಬೇರೆಯವರು ತಕರಾರು ತೆಗೆದರು, ಅಷ್ಟು ವರ್ಷದ ಒಳ್ಳೆಯ ಮಾಹಿತಿ ಎಷ್ಟು ಪ್ರಾಣಿಗಳಿಗಿದೆ, ಮುಂದಿನ ಕಾಲ ಹಿಂದಿನಂತೆಯೇ ಇರುತ್ತದೆ ಅಂತ ಯಾರು ಹೇಳಿದರು ಅಂತ. ನನಗೆ ತಕರಾರಿನವರ ಕಡೆಯೇ ಒಲವು. ‘ಇಷ್ಟು ವರ್ಷದಲ್ಲಿ ಅಳಿಯುತ್ತದೆ’ ಅನ್ನುವ ಉತ್ತರಕ್ಕಾಗಿ ಇದನ್ನು ಬಳಸಬೇಡಿ, ಅದು ಗಿಣಿಶಾಸ್ತ್ರ ಆಗುತ್ತದೆ. ‘ಬೇಲಿ ತೆಗೆಯುವುದೋ, ಜಾಲಿ ಕೀಳುವುದೋ, ಎರಡು ಪ್ರಾಣಿ ತರುವುದೋ, ಇರುವ ಕೈ ನಾಲ್ಕೇ, ಮೊದಲು ಯಾವುದು’ ಅನ್ನುವ ಜಗಳಕ್ಕೆ ಬಳಸಿ. ಆ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪಂಚಾಯ್ತಿಕಟ್ಟೆ ನಾನು ನೋಡಿಲ್ಲ. ಒಂದೊಂದೇ ಸಂಖ್ಯೆಯನ್ನು ಮೇಲೆ ಕೆಳಗೆ ಮಾಡಿ ಯಾವುದಕ್ಕೆ ಹಿಂಡು ಜಾಸ್ತಿ ಅಲುಗುತ್ತದೆ ಅಂತ ನೋಡುವ ಸೌಲಭ್ಯವೂ ಒಳಗೇ ಇದೆ. ಮುಂದಿನ ಎಣಿಕೆಗೆ ಹೋದಾಗ ಏನನ್ನು ಸರಿಯಾಗಿ ನೋಡಿಕೊಂಡು ಬರಬೇಕು ಅಂತ ಅದರಿಂದಲೇ ತಿಳಿಯುತ್ತದೆ. ನಮ್ಮ ಹಿಂಡಿಗೆ ಅದು ಮರಿಗಳ ಸಾವು. ನಾವೋ ಇಷ್ಟು ವರ್ಷ ಕೊಂಬಿನ ಉದ್ದ ಬರೆದುಕೊಳ್ಳುತ್ತಿದ್ದೆವು.

ಯಾರಿಗೆ ಬೇಡ ಅಂದರೆ, ಒಂದು ಸಲವೂ ಬಯಲಿಗೆ ಹೋಗದೆ ಬೇರೆ ಜಾತಿಯ ಅಂಕಿ ಎತ್ತಿ ತುಂಬುವವರಿಗೆ. ಇದರ ವರದಿ ಚೆಂದ ಕಾಣುತ್ತದೆ, ಅದೇ ಅಪಾಯ. ಕೈಪಿಡಿ ದಪ್ಪ ಇದೆ, ಇಂಗ್ಲಿಷಿನಲ್ಲಿದೆ, ಆದರೆ ಬರೆದವರು ಹಿಂಡು ಕಂಡವರು ಅಂತ ಗೊತ್ತಾಗುತ್ತದೆ, ಓದಿ.

ಕೊನೆಗೆ ಎಲ್ಲ ತುಂಬಿದ ಮೇಲೆ ಮತ್ತೊಮ್ಮೆ ಲ್ಯಾಪ್‌ಟಾಪ್ ತಗೊಂಡು ವಾಚರ್ ಅಣ್ಣನ ಹತ್ತಿರ ಹೋದೆ. ಕಟ್ಟೆ ಮೇಲೆ ಕೂತು ಒಂದೊಂದೇ ಪುಟ ಹೇಳಿದೆ. ಬರ ಇಲ್ಲಿದೆ, ರೋಗ ಇಲ್ಲಿದೆ, ರಸ್ತೆ ಇಲ್ಲಿದೆ. ಅವರು ತಲೆಯಾಡಿಸುತ್ತಾ ಕೇಳಿ, ‘ಎಲ್ಲಾ ಇದೆ. ನಾಯಿ ಎಲ್ಲಿ ಮೇಡಂ?’ ಅಂದರು.

ನಾಯಿ ಎಲ್ಲೂ ಇರಲಿಲ್ಲ. ಕೃಷ್ಣಮೃಗದ ತಾಯಿ ಹೊಸ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ, ಮರಿ ಅಲ್ಲಾಡದೆ ಬಿದ್ದಿರುತ್ತದೆ. ತೋಳದ ಕಣ್ಣಿಗೆ ಇದು ಎಷ್ಟೋ ಸಲ ತಪ್ಪುತ್ತದೆ. ನಾಲ್ಕೈದು ಬೀದಿನಾಯಿಗಳು ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಹುಲ್ಲನ್ನು ಮೂಸುತ್ತಾ ತಿರುಗಿದರೆ ತಪ್ಪುವುದಿಲ್ಲ. ಅಲ್ಲೇ ಕೂತು ಮೂರನೇ ತುಂಡಿಗೆ ಮಾತ್ರ ಮರಿ ಸಾವು ಏರಿಸಿದೆ, ಟಿಪ್ಪಣಿ ಜಾಗದಲ್ಲಿ ‘ನಾಯಿ’ ಅಂತ ಬರೆದೆ, ಓಡಿಸಿದೆ. ಗೆರೆಗಳು ಒಂದೊಂದಾಗಿ ಕೆಳಗೆ ಇಳಿಯುವುದನ್ನು ಇಬ್ಬರೂ ನೋಡಿದೆವು.

‘ಇದು ಆ ಕಡೆ ತುಂಡಲ್ವಾ?’ ಅಂದರು ಅಣ್ಣ.

‘ಹೌದಣ್ಣ, ಹನ್ನೆರಡು ಇರೋದು.’

‘ಹದಿಮೂರು ಮಾಡಿ ಮೇಡಂ. ನಿನ್ನೆ ಬೆಳಿಗ್ಗೆ ಕಿವಿ ಹರಿದಿರೋ ಹೆಣ್ಣಿನ ಹಿಂದೆ ಒಂದು ಮರಿ ಎದ್ದು ನಿಂತಿತ್ತು.’